ಬೆಳಗಿನ ಹನ್ನೊಂದರ ಗಂಟೆ

ಈ ಸ್ಮರಣ ಸಂಚಿಕೆಯಲ್ಲಿ ದೆಹಲಿಯ ಹಳೆಯ ಸಂಸತ್ ಭವನದ ಬಗ್ಗೆ, ಅಲ್ಲಿ ಪೀಠದಲ್ಲಿ ಕೂತ ಸ್ಪೀಕರ್‌ಗಳ ಬಗ್ಗೆ, ಅಲ್ಲಿ ಮೊಳಗಿದ ದೊಡ್ಡ ಭಾಷಣಗಳ ಬಗ್ಗೆ ಬಲ್ಲವರು ಬರೆಯುತ್ತಿದ್ದಾರೆ. ನನ್ನ ಪಾಲಿಗೆ ಬಂದಿರುವುದು ದಿನದ ಒಂದೇ ಒಂದು ಗಂಟೆ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು, ಪ್ರಶ್ನೋತ್ತರ ವೇಳೆ. ಭಾಷಣಕ್ಕೆ ನಿಂತವರು ತಮಗೆ ಬೇಕಾದ್ದನ್ನು ಹೇಳಿ ಕೂತುಬಿಡಬಹುದು. ಈ ಒಂದು ಗಂಟೆಯಲ್ಲಿ ಮಾತ್ರ ಮಂತ್ರಿಯಾದವರು ಬೇರೆಯವರು ಕೇಳಿದ್ದಕ್ಕೆ ಎದ್ದು ನಿಂತು ಉತ್ತರ ಕೊಡಬೇಕು.

ಕೇಳುವುದಕ್ಕೆ ನೂರು ವಿಷಯಗಳಿವೆ. ರೈಲು, ರಸಗೊಬ್ಬರ, ಅಂಚೆ ಕಚೇರಿ, ಬರಗಾಲ. ನಾನು ಎರಡನ್ನೇ ಆರಿಸಿಕೊಂಡಿದ್ದೇನೆ. ಜನರ ದುಡ್ಡು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಒಂದು, ಹೊರದೇಶದವರ ಜೊತೆ ಸರ್ಕಾರ ಏನು ಮಾತಾಡಿಕೊಂಡಿತು ಎಂಬ ಪ್ರಶ್ನೆ ಇನ್ನೊಂದು. ಆಳುವವರು ಎಲ್ಲಕ್ಕಿಂತ ಹೆಚ್ಚು ಕಾಲ ಬೀಗ ಹಾಕಿ ಇಟ್ಟುಕೊಂಡಿದ್ದ ಬಾಗಿಲುಗಳು ಇವೇ ಎರಡು. ಆ ಬೀಗ ಬಿದ್ದ ಕಥೆಯ ಒಂದು ಎಳೆ ನಮ್ಮ ಶ್ರೀರಂಗಪಟ್ಟಣಕ್ಕೆ ಬಂದು ಮುಟ್ಟುತ್ತದೆ.

1853ರ ಚಾರ್ಟರ್ ಕಾಯ್ದೆಯ ಪ್ರಕಾರ ಕಲ್ಕತ್ತೆಯಲ್ಲಿ ಹನ್ನೆರಡು ಜನರ ಶಾಸನ ಮಂಡಳಿ ಶುರುವಾಯಿತು. ಅದರಲ್ಲಿ ಭಾರತೀಯರು ಒಬ್ಬರೂ ಇರಲಿಲ್ಲ. ಕಾನೂನಿನ ಕರಡು ತಿದ್ದಿಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚಿನದು ಅವರಿಗೆ ಬೇಡ ಎಂದು ಲಂಡನ್ನಿನವರು ಎಣಿಸಿದ್ದರು. ಆದರೆ ಗವರ್ನರ್ ಜನರಲ್ ಡಾಲ್‌ಹೌಸಿ ಆ ಮಂಡಳಿಗೆ ಪಾರ್ಲಿಮೆಂಟಿನ ರೀತಿ ರಿವಾಜುಗಳನ್ನು ಹಾಕಿಕೊಟ್ಟ. ಸಭೆ ಬಹಿರಂಗವಾಗಿ ನಡೆಯತೊಡಗಿತು. ಸದಸ್ಯರಿಗೆ ಕೇಳುವ ರುಚಿ ಹತ್ತಿತು. ಟಿಪ್ಪು ಸುಲ್ತಾನನ ವಂಶದವರು ಆಗ ಕಲ್ಕತ್ತೆಯಲ್ಲೇ ನೆಲೆಸಿದ್ದರು. ಆ ಕುಟುಂಬಕ್ಕೆ ಭಾರತದ ಬೊಕ್ಕಸದಿಂದ ಹಣ ಕೊಡುವ ತೀರ್ಮಾನ ಲಂಡನ್ನಿನಿಂದ ಬಂದಾಗ, 1860ರಲ್ಲಿ, ಮಂಡಳಿಯವರು ಆ ವಿಷಯದ ಪತ್ರವ್ಯವಹಾರ ತೋರಿಸಿ ಎಂದು ಪಟ್ಟು ಹಿಡಿದರು. ಕೊಡಬೇಕೋ ಬೇಡವೋ ಎನ್ನುವುದು ಬೇರೆ ಮಾತು. ನಮ್ಮನ್ನು ಕೇಳದೆ ಕೊಟ್ಟದ್ದು ಹೇಗೆ ಎಂಬುದು ಅವರ ತಕರಾರು. ಭಾರತ ಮಂತ್ರಿ ಚಾರ್ಲ್ಸ್ ವುಡ್‌ಗೆ ಇದು ಸರಿ ಬರಲಿಲ್ಲ. ಕಾನೂನು ಮಾಡಿರೆಂದು ಕೂರಿಸಿದವರು ಪುಟ್ಟ ಪಾರ್ಲಿಮೆಂಟೇ ಆಗಿಬಿಟ್ಟರು ಎಂಬ ಸಿಟ್ಟು. 1861ರಲ್ಲಿ ಹೊಸ ಕಾಯ್ದೆ ಬಂತು. ಮಂಡಳಿ ತನ್ನ ಮುಂದಿಟ್ಟ ಮಸೂದೆ ಬಿಟ್ಟು ಬೇರೇನನ್ನೂ ಎತ್ತಕೂಡದು. ಪ್ರಶ್ನೆಯ ಬಾಯಿ ಮೂವತ್ತು ವರ್ಷ ಮುಚ್ಚಿತು.

ಈ ಮೂವತ್ತು ವರ್ಷದ ನಡುವೆಯೇ ಮೈಸೂರಿನಲ್ಲಿ ಒಂದು ಸಭೆ ಸೇರಿತು. 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಬಂದವರು 144 ಮಂದಿ, ಜಮೀನುದಾರರು ಮತ್ತು ವರ್ತಕರು. ಯಾವುದಕ್ಕೂ ಮತ ಹಾಕುವ ಹಕ್ಕು ಅವರಿಗಿರಲಿಲ್ಲ, ಅರಿಕೆ ಮಾಡಿಕೊಳ್ಳಬಹುದಿತ್ತು ಅಷ್ಟೆ. ಆದರೂ ದಿವಾನರು ಎದ್ದು ನಿಂತು ರಾಜ್ಯದ ಜಮಾಖರ್ಚನ್ನು ಅವರ ಮುಂದೆ ಓದಿದರು. 1876ರಿಂದ 78ರವರೆಗಿನ ಬರಗಾಲ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಹೊರಿಸಿ ಹೋಗಿತ್ತು. ಸರ್ಕಾರದ ಲೆಕ್ಕವನ್ನು ಸರ್ಕಾರವೇ ರೈತರ, ವರ್ತಕರ ಮುಂದೆ ವರ್ಷಕ್ಕೊಮ್ಮೆ ಒಪ್ಪಿಸುವ ಪದ್ಧತಿ ಬ್ರಿಟಿಷ್ ಭಾರತದಲ್ಲಿ ಆಗ ಎಲ್ಲೂ ಇರಲಿಲ್ಲ. ಇದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳಬೇಕು. ಹೊರಗಿನ ವ್ಯವಹಾರದ ಬಾಗಿಲು ಮಾತ್ರ ಇಲ್ಲಿಯೂ ಮುಚ್ಚಿಯೇ ಇತ್ತು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ ಕಟ್ಟಬೇಕಾದ ಪೊಗದಿ, ರಾಜ್ಯವನ್ನು ಒಡೆಯರಿಗೆ ಮರಳಿ ಒಪ್ಪಿಸಿದ 1881ರ ಹಸ್ತಾಂತರ ಪತ್ರದಲ್ಲಿ, 35 ಲಕ್ಷಕ್ಕೆ ಏರಿತ್ತು. ಸಂಸ್ಥಾನದ ಅತಿ ದೊಡ್ಡ ಖರ್ಚುಗಳಲ್ಲಿ ಅದೊಂದು. ಆದರೆ ಅದು ಸಾರ್ವಭೌಮ ಸರ್ಕಾರದ ಜೊತೆಗಿನ ಸಂಬಂಧದ ವಿಷಯ, ರೈತ ಬಾಯಿ ಹಾಕುವಂಥದ್ದಲ್ಲ.

ಬ್ರಿಟಿಷ್ ಭಾರತದಲ್ಲಿ ಬಾಯಿ ತೆರೆದದ್ದು 1892ರ ಕಾಯ್ದೆಯಿಂದ. ಆರು ದಿನ ಮುಂಚೆ ನೋಟಿಸು ಕೊಟ್ಟು ಪ್ರಶ್ನೆ ಕೇಳಬಹುದು. ಉತ್ತರ ಬಂದ ಮೇಲೆ ಮರುಮಾತು ಆಡುವಂತಿಲ್ಲ. 1893ರ ಫೆಬ್ರವರಿ 16ರಂದು ಮೊದಲ ಪ್ರಶ್ನೆ ಬಂತು. ಕೇಳಿದವರು ಔಧ್ ಸೀಮೆಯ ಭಿಂಗಾದ ರಾಜರು. ಸಾಹೇಬರು ಸರ್ಕೀಟು ಹೊರಟು ಊರ ಹೊರಗೆ ಡೇರೆ ಹಾಕಿದಾಗ ಹಳ್ಳಿಯ ಅಂಗಡಿಯವರು ಅವರ ಪರಿವಾರಕ್ಕೆ ಬೇಕಾದ ಸಾಮಾನು ಒದಗಿಸಿ ಪಡುವ ಪಾಡಿನ ಬಗ್ಗೆ ಅವರು ಕೇಳಿದರು. ನನಗೆ ಈ ಪ್ರಶ್ನೆಯ ಮೇಲೆ ವಿಶೇಷ ಪ್ರೀತಿ. ರಾಜರೊಬ್ಬರು ಶಾಸನ ಸಭೆಯಲ್ಲಿ ಎದ್ದು ನಿಂತು ಹಳ್ಳಿ ಅಂಗಡಿಯ ಅಕ್ಕಿ ಬೇಳೆ ತುಪ್ಪದ ಲೆಕ್ಕ ಎತ್ತಿದ್ದಾರೆ. ಸರ್ಕಾರದ ಖರ್ಚು ಯಾರ ಜೇಬಿನಿಂದ ಹೋಗುತ್ತಿದೆ ಎಂಬುದೇ ಅದರ ತಿರುಳು.

1909ರ ಸುಧಾರಣೆಯಲ್ಲಿ, ಕೇಳಿದವರೇ ಇನ್ನೊಂದು ಪ್ರಶ್ನೆ ಹಾಕಬಹುದು ಎಂದಾಯಿತು. 1919ರದರಲ್ಲಿ ಆ ಹಕ್ಕು ಯಾವ ಸದಸ್ಯರಿಗಾದರೂ ಸಿಕ್ಕಿತು. ಇದನ್ನೇ ಉಪಪ್ರಶ್ನೆ ಎನ್ನುತ್ತೇವೆ, ಮತ್ತು ಈ ಲೇಖನದ ಉದ್ದಕ್ಕೂ ನಾನು ಹೇಳಬೇಕೆಂದಿರುವುದು ಅದರ ಬಗ್ಗೆಯೇ. ಮೊದಲ ಪ್ರಶ್ನೆಯ ಉತ್ತರವನ್ನು ಇಲಾಖೆಯ ಗುಮಾಸ್ತರು, ಕಾರ್ಯದರ್ಶಿಗಳು ವಾರಗಟ್ಟಲೆ ಕೂತು ಬರೆದಿರುತ್ತಾರೆ. ಎರಡನೆಯ ಪ್ರಶ್ನೆಗೆ ಮಂತ್ರಿ ಒಬ್ಬರೇ.

1921ರಿಂದ ದಿನದ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲಾಯಿತು. ಅದೇ ವರ್ಷ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯೂ ಬಂತು. ಆದರೆ ಸೇನೆ, ಇಂಗ್ಲಿಷ್ ಚರ್ಚು ಮತ್ತು ರಾಜಕೀಯ ಇಲಾಖೆಯ ಖರ್ಚನ್ನು ಮತಕ್ಕೆ ಹಾಕುವಂತಿರಲಿಲ್ಲ. ವಿದೇಶಗಳ ಜೊತೆಗಿನ, ದೇಶೀ ಸಂಸ್ಥಾನಗಳ ಜೊತೆಗಿನ ಸಂಬಂಧವನ್ನು ಪ್ರಶ್ನೆಯಲ್ಲಿ ತರುವಂತಿರಲಿಲ್ಲ. ವಿದೇಶಾಂಗವನ್ನು ವೈಸ್‌ರಾಯ್ ತಾನೇ ಇಟ್ಟುಕೊಂಡಿದ್ದ. ಸದಸ್ಯರು ಪಕ್ಕದ ದಾರಿ ಹುಡುಕಿಕೊಂಡರು. ದಕ್ಷಿಣ ಆಫ್ರಿಕಾ, ಪೂರ್ವ ಆಫ್ರಿಕಾಗಳಲ್ಲಿದ್ದ ಭಾರತೀಯರ ವಿಷಯ ಶಿಕ್ಷಣ, ಆರೋಗ್ಯ ಮತ್ತು ಭೂಮಿಯ ಇಲಾಖೆಗೆ ಸೇರಿತ್ತು. ಆ ಇಲಾಖೆಯನ್ನು ಹಿಡಿದು ಕೇಳುತ್ತಿದ್ದರು. ಹೊರನಾಡಿನ ವಿಷಯ ಶಾಲೆ, ಆಸ್ಪತ್ರೆಗಳ ಸಾಲಿನಲ್ಲಿ ನುಸುಳಿ ಬರುತ್ತಿತ್ತು. ಮೂವತ್ತರ ದಶಕದಲ್ಲಿ ಮದರಾಸಿನ ಎಸ್. ಸತ್ಯಮೂರ್ತಿ ಕೇಂದ್ರ ಶಾಸನ ಸಭೆಗೆ ಬಂದ ಮೇಲೆ ಉಪಪ್ರಶ್ನೆ ಒಂದು ಕಲೆಯೇ ಆಯಿತು.

ಇನ್ನು ಸ್ವತಂತ್ರ ಭಾರತದ ಸದನಕ್ಕೆ ಬರೋಣ. ಆ ಒಂದು ಗಂಟೆ ಹೇಗೆ ನಡೆಯುತ್ತದೆ ಎನ್ನುವುದನ್ನು ಮೊದಲು ಹತ್ತಿರದಿಂದ ನೋಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗಳ ಪಟ್ಟಿ ಹಸಿರು ಕಾಗದದ ಮೇಲೆ, ಚುಕ್ಕೆ ಗುರುತಿಲ್ಲದವು ಬಿಳಿ ಕಾಗದದ ಮೇಲೆ ಅಚ್ಚಾಗುತ್ತವೆ. ಅಲ್ಪಾವಧಿ ನೋಟಿಸಿನದು ತಿಳಿ ಗುಲಾಬಿ. ಚುಕ್ಕೆ ಇದ್ದರೆ ಬಾಯಿಮಾತಿನ ಉತ್ತರ, ಇಲ್ಲದಿದ್ದರೆ ಬರಹದ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ ಇಪ್ಪತ್ತು ಚುಕ್ಕೆ ಪ್ರಶ್ನೆಗಳು. ಕೇಳುವವರು ಹೆಚ್ಚು, ಜಾಗ ಕಡಿಮೆ, ಹಾಗಾಗಿ ಚೀಟಿ ಎತ್ತುತ್ತಾರೆ. ಪ್ರಶ್ನೆ 150 ಪದ ಮೀರಬಾರದು, ಅಭಿಪ್ರಾಯ ಕೇಳಬಾರದು, ಹೀಗಾದರೆ ಎಂಬ ಊಹೆಯ ಮೇಲೆ ನಿಲ್ಲಬಾರದು, ಮಿತ್ರದೇಶವನ್ನು ಅಗೌರವದಿಂದ ಕಾಣಬಾರದು. ಹನ್ನೊಂದಾಗುತ್ತದೆ. ಸ್ಪೀಕರ್ ಹೆಸರು ಕೂಗುತ್ತಾರೆ. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆಯನ್ನಷ್ಟೇ ಹೇಳುತ್ತಾರೆ. ಮಂತ್ರಿ ಎದ್ದು, ಹೇಳಿಕೆಯನ್ನು ಸದನದ ಮುಂದೆ ಮಂಡಿಸಲಾಗಿದೆ ಎನ್ನುತ್ತಾರೆ. ಎರಡು ನಿಮಿಷವೂ ಆಗಿರುವುದಿಲ್ಲ. ಆಮೇಲೆ ಅದೇ ಸದಸ್ಯರು ಮತ್ತೆ ಎದ್ದು ಉಪಪ್ರಶ್ನೆ ಹಾಕುತ್ತಾರೆ. ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತವರು ಪೆನ್ನು ತೆಗೆಯುತ್ತಾರೆ. ಮಡಿಚಿದ ಚೀಟಿಯೊಂದು ಕೈಯಿಂದ ಕೈಗೆ ದಾಟಿ ಮಂತ್ರಿಯ ಮೇಜಿಗೆ ಬಂದು ಬೀಳುತ್ತದೆ. ಆ ಚೀಟಿ ಬರುವವರೆಗಿನ ಅರ್ಧ ನಿಮಿಷದಲ್ಲಿ ಮಂತ್ರಿಯ ಮುಖ ನೋಡಿದರೆ ಇಲಾಖೆ ಅವರಿಗೆ ಎಷ್ಟು ಗೊತ್ತು ಎನ್ನುವುದು ಗ್ಯಾಲರಿಯಲ್ಲಿ ಕೂತ ಯಾರಿಗಾದರೂ ತಿಳಿಯುತ್ತದೆ.

ಜವಾಹರಲಾಲ್ ನೆಹರೂ ಪ್ರಧಾನಿಯಾಗಿದ್ದಷ್ಟು ಕಾಲ ವಿದೇಶಾಂಗವನ್ನೂ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಅವರಿಗೆ ಚೀಟಿ ಅಷ್ಟಾಗಿ ಬೇಕಾಗುತ್ತಿರಲಿಲ್ಲ, ಉಪಪ್ರಶ್ನೆಗೆ ಸ್ವಂತ ಮಾತಿನಲ್ಲೇ ಉತ್ತರ ಕೊಡುತ್ತಿದ್ದರು. ಅದು ಸದನಕ್ಕೆ ದೊಡ್ಡ ಗೌರವ. ಆದರೆ ಹಾಗೆ ಆಡಿದ ಮಾತು ದೇಶದ ನೀತಿಯೇ ಆಗಿ ಗಟ್ಟಿಯಾಗಿಬಿಡುತ್ತದೆ. 1950ರ ನವೆಂಬರ್ 20ರಂದು ಹಾಗಾಯಿತು. ಚೀನಾದ ಸೈನ್ಯ ಟಿಬೆಟ್‌ಗೆ ನುಗ್ಗಿ ಒಂದೂವರೆ ತಿಂಗಳಾಗಿತ್ತು. ಗಡಿಯ ಬಗ್ಗೆ ಸದಸ್ಯರು ಕೇಳಿದರು. ಮ್ಯಾಕ್‌ಮಹೋನ್ ರೇಖೆಯೇ ನಮ್ಮ ಗಡಿ, ನಕ್ಷೆ ಇದ್ದರೂ ಅದೇ ಇಲ್ಲದಿದ್ದರೂ ಅದೇ ಎಂಬ ಅರ್ಥದ ಮಾತನ್ನು ನೆಹರೂ ಖಡಾಖಂಡಿತವಾಗಿ ಆಡಿದರು. ಪೂರ್ವದ ಗಡಿಯ ವಿಷಯದಲ್ಲಿ ಅಂದಿನಿಂದ ಇಂದಿನವರೆಗೆ ಯಾವ ಸರ್ಕಾರವೂ ಆ ಮಾತಿನಿಂದ ಹಿಂದೆ ಸರಿದಿಲ್ಲ. ಅದೇ ಉತ್ತರದಲ್ಲಿ ಇನ್ನೊಂದು ವಾಕ್ಯವೂ ಇತ್ತು. ಲಡಾಖ್‌ನಿಂದ ನೇಪಾಳದವರೆಗಿನ ಗಡಿ ಮುಖ್ಯವಾಗಿ ರೂಢಿಯಿಂದ, ಬಳಕೆಯಿಂದ ಗೊತ್ತಾದದ್ದು ಎಂದು ಅವರು ಹೇಳಿದ್ದರು. ಒಂದು ಕಡೆ ಗೆರೆ ಇದೆ, ಇನ್ನೊಂದು ಕಡೆ ರೂಢಿ ಇದೆ. ಆ ಎರಡನೆಯ ವಾಕ್ಯವನ್ನು ಹಿಡಿದು ಆವತ್ತೇ ನಾಲ್ಕಾರು ಉಪಪ್ರಶ್ನೆಗಳು ಎದ್ದಿದ್ದರೆ ಎಂದು ಈಗ ಓದುವಾಗ ಮನಸ್ಸು ಕಳವಳಗೊಳ್ಳುತ್ತದೆ.

ಯಾಕೆಂದರೆ ಪೆಟ್ಟು ಬಿದ್ದದ್ದು ಆ ಕಡೆಯೇ. ಲಡಾಖ್ ಕಡೆಯ ಅಕ್ಸಾಯ್ ಚಿನ್ ಮೂಲಕ ರಸ್ತೆ ಪೂರ್ತಿಯಾಯಿತೆಂದು 1957ರ ಅಕ್ಟೋಬರ್‌ನಲ್ಲಿ ಚೀನಾವೇ ಸಾರಿತು. 1958ರ ಬೇಸಿಗೆಯಲ್ಲಿ ಭಾರತದ ಎರಡು ಗಸ್ತು ತಂಡಗಳು ನೋಡಲು ಹೋದವು, ಒಂದು ತಂಡ ಸೆರೆ ಸಿಕ್ಕಿತು. ಆ ವರ್ಷದ ಅಕ್ಟೋಬರ್ 18ರಂದು ಸರ್ಕಾರ ಚೀನಾಕ್ಕೆ ಪ್ರತಿಭಟನೆಯ ಪತ್ರ ಕಳಿಸಿತು. ಸದನಕ್ಕೆ ಮಾತ್ರ ಯಾವುದೂ ಗೊತ್ತಿಲ್ಲ. ಪೂರ್ವದ ಲೋಂಗ್ಜುವಿನಲ್ಲಿ 1959ರ ಆಗಸ್ಟ್ 25ರಂದು ಗುಂಡು ಹಾರಿದ ಮೇಲೆ, ಆಗಸ್ಟ್ 28ರಂದು ನೆಹರೂ ಲೋಕಸಭೆಯಲ್ಲಿ ರಸ್ತೆಯ ಸಂಗತಿ ಹೇಳಿದರು. ಪತ್ರ ಕಳಿಸಿ ಹತ್ತು ತಿಂಗಳು ಕಳೆದಿತ್ತು. ಮಾತುಕತೆಯಿಂದ ಬಗೆಹರಿಸಬಹುದು, ಸುಮ್ಮನೆ ಊರೆಲ್ಲ ಸುದ್ದಿ ಮಾಡಿದರೆ ಕೆಲಸ ಕೆಡುತ್ತದೆ ಎಂಬ ಅವರ ಎಣಿಕೆಯಲ್ಲಿ ದುರುದ್ದೇಶ ಇತ್ತೆಂದು ನಾನು ಹೇಳುವುದಿಲ್ಲ. ಆದರೆ ಜನರ ಮುಂದೆ ಇಡದೆ ಬಚ್ಚಿಟ್ಟ ಸಂಗತಿ ಹೊರಬಿದ್ದಾಗ ಸಿಟ್ಟು ಎರಡರಷ್ಟಾಗುತ್ತದೆ, ಆ ಸಿಟ್ಟಿನ ನಡುವೆ ಮಾತುಕತೆಗೆ ಜಾಗವೇ ಉಳಿಯುವುದಿಲ್ಲ. ಸೆಪ್ಟೆಂಬರ್ 7ರಂದು ಎರಡೂ ದೇಶಗಳ ಪತ್ರವ್ಯವಹಾರದ ಶ್ವೇತಪತ್ರ ಸದನಕ್ಕೆ ಬಂತು. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಬಂದವು. 1860ರಲ್ಲಿ ಕಲ್ಕತ್ತೆಯ ಮಂಡಳಿ ಕೇಳಿದ್ದು ಇದನ್ನೇ ಅಲ್ಲವೇ, ಕಾಗದ ತೋರಿಸಿ ಎಂದು? ನೂರು ವರ್ಷ ಹಿಡಿಯಿತು.

ಐವತ್ತು, ಅರವತ್ತರ ದಶಕಗಳ ನಡಾವಳಿ ಓದುವಾಗ ಪದೇ ಪದೇ ಸಿಗುವ ಒಂದು ಹೆಸರು ಹರಿ ವಿಷ್ಣು ಕಾಮತ್. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಬಿಟ್ಟು ಸುಭಾಷರ ಹಿಂದೆ ಹೋದವರು, ಮಧ್ಯಪ್ರದೇಶದ ಹೋಶಂಗಾಬಾದ್‌ನಿಂದ ಗೆದ್ದು ಬರುತ್ತಿದ್ದವರು. ಸದನದಲ್ಲಿದ್ದಾಗ ಉಪಪ್ರಶ್ನೆಗೆ ಏಳುವವರಲ್ಲಿ ಅವರು ಸದಾ ಇರುತ್ತಿದ್ದರು.

ಈಗ ಹಣದ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪ್ರಶ್ನೋತ್ತರ ವೇಳೆ ಏನು ಮಾಡಬಲ್ಲದು ಎಂದು ತಿಳಿಯಲು 1957ರ ಮುಂಧ್ರಾ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಅದಕ್ಕೊಂದು ಹಿನ್ನೆಲೆ ಇದೆ. 1955ರ ಡಿಸೆಂಬರ್‌ನಲ್ಲಿ ರಾಯ್‌ಬರೇಲಿಯ ಕಾಂಗ್ರೆಸ್ ಸದಸ್ಯ ಫಿರೋಜ್ ಗಾಂಧಿ ಖಾಸಗಿ ವಿಮಾ ಕಂಪನಿಯೊಂದರಲ್ಲಿ ಪಾಲಿಸಿದಾರರ ಹಣ ಹೇಗೆ ಕೈ ಬದಲಾಯಿಸಿತು ಎಂದು ಲೋಕಸಭೆಯಲ್ಲಿ ಬಿಡಿಸಿಟ್ಟಿದ್ದರು. ಮುಂದಿನ ವರ್ಷವೇ ಜೀವವಿಮೆ ರಾಷ್ಟ್ರೀಕರಣವಾಗಿ, 1956ರ ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿತು. ಊರೂರಿನ ಶಾಲಾ ಮಾಸ್ತರರು, ಗುಮಾಸ್ತರು, ಅಂಗಡಿಯವರು ತಿಂಗಳ ಸಂಬಳದಲ್ಲಿ ಮುರಿದಿಟ್ಟು ಕಟ್ಟಿದ ಕಂತಿನ ಹಣ ಅದು. ಇನ್ನು ಮೇಲೆ ಸರ್ಕಾರದ ಕೈಯಲ್ಲಿದೆ, ಭಯವಿಲ್ಲ ಎಂದು ಜನ ನಂಬಿದ್ದರು. ಹತ್ತೇ ತಿಂಗಳಾಗಿರಬೇಕು. 1957ರ ಜೂನ್‌ನಲ್ಲಿ ಹರಿದಾಸ್ ಮುಂಧ್ರಾ ಎಂಬ ಕಲ್ಕತ್ತೆಯ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಎಲ್‌ಐಸಿ ಕೊಂಡಿತು. ಸುಮಾರು 1.24 ಕೋಟಿ ರೂಪಾಯಿ. ಕಂಪನಿಗಳು ಕಷ್ಟದಲ್ಲಿದ್ದವು, ಎಲ್‌ಐಸಿಯ ಹೂಡಿಕೆ ಸಮಿತಿಯನ್ನು ಮೊದಲು ಕೇಳಿರಲೂ ಇಲ್ಲ.

ಸೆಪ್ಟೆಂಬರ್ 4ರಂದು ಲೋಕಸಭೆಯಲ್ಲಿ ಇದರ ಬಗ್ಗೆ ಮೊದಲ ಪ್ರಶ್ನೆ ಬಂತು. ಕೇಳಿದ ರಾಮ್ ಸುಭಗ್ ಸಿಂಗ್ ಕೂಡ ಆಳುವ ಪಕ್ಷದವರೇ. ಉತ್ತರ ಸುತ್ತಿ ಬಳಸಿತ್ತು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಷ್ಟಕ್ಕೇ ಮುಗಿದಿದ್ದರೆ ಆ ಷೇರಿನ ಕಟ್ಟು ಕಪಾಟಿನಲ್ಲೇ ಉಳಿಯುತ್ತಿತ್ತು. ನವೆಂಬರ್ 29ರಂದು ಮತ್ತೆ ಪ್ರಶ್ನೆ ಬಂತು, ಉಪಪ್ರಶ್ನೆಗಳು ಬಂದವು. ಆ ಪುಟಗಳನ್ನು ಗ್ರಂಥಾಲಯದಲ್ಲಿ ಕೂತು ಓದಿದಾಗ ನನಗೆ ನಮ್ಮೂರಿನ ಸೊಸೈಟಿಯ ಲೆಕ್ಕದ ಸಭೆ ನೆನಪಾಯಿತು. ಖರ್ಚಿನ ಒಂದು ಬಾಬ್ತು ಓದಿದ ತಕ್ಷಣ ಹಿಂದಿನ ಸಾಲಿನಿಂದ ಯಾರೋ ಒಬ್ಬರು, ಯಾರಿಗೆ ಕೊಟ್ಟಿರಿ, ಯಾವ ದರಕ್ಕೆ ಕೊಟ್ಟಿರಿ, ಯಾರು ಹೇಳಿ ಕೊಟ್ಟಿರಿ ಎಂದು ಬಿಡದೆ ಕೇಳುವುದಿಲ್ಲವೇ, ಅದೇ ದನಿ. ಡಿಸೆಂಬರ್ 16ರ ಚರ್ಚೆಯಲ್ಲಿ ಫಿರೋಜ್ ಗಾಂಧಿ ಷೇರುಪೇಟೆಯ ದರಗಳನ್ನು ಎದುರಿಗಿಟ್ಟುಕೊಂಡು, ಪೇಟೆಯಲ್ಲಿ ಸಿಗುತ್ತಿದ್ದ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡದ್ದು ಯಾಕೆ ಎಂದು ಕೇಳಿದರು. ಅವರು ಪ್ರಧಾನಿಯ ಅಳಿಯ. ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಪ್ರಧಾನಿಗೆ ತೀರಾ ಬೇಕಾದವರು. ಮಾವನ ಸರ್ಕಾರದ ಅರ್ಥಮಂತ್ರಿಯನ್ನು ಅಳಿಯ ಸದನದಲ್ಲಿ ನಿಲ್ಲಿಸಿ ಕೇಳುತ್ತಿದ್ದಾನೆ. ಮನೆಯ ಊಟದ ಮೇಜಿನಲ್ಲಿ ಆ ವಾರ ಮೌನ ಎಷ್ಟು ದಟ್ಟವಾಗಿತ್ತೋ. ಕೇಳಲೇಬೇಕಾದ್ದನ್ನು ಅವರು ಕೇಳಿದರು.

ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ 1958ರ ಜನವರಿಯಲ್ಲಿ ನೇಮಕವಾಯಿತು. ವಿಚಾರಣೆ ಬಹಿರಂಗವಾಗಿ ನಡೆಯಿತು. ಜನ ನೂಕುನುಗ್ಗಲಿನಲ್ಲಿ ಬಂದರು, ಒಳಗೆ ಜಾಗ ಸಾಲದೆ ಹೊರಗೆ ಧ್ವನಿವರ್ಧಕ ಕಟ್ಟಬೇಕಾಯಿತು. ಅರ್ಥ ಕಾರ್ಯದರ್ಶಿ ಎಚ್.ಎಂ. ಪಟೇಲ್ ಮತ್ತು ಮಂತ್ರಿ, ಇಬ್ಬರೂ ಬಂದು ಸಾಕ್ಷಿ ಹೇಳಿದರು. ಫೆಬ್ರವರಿ 10ಕ್ಕೆ ವರದಿ ಕೈಗೆ ಬಂತು, ತಿಂಗಳೂ ಹಿಡಿಯಲಿಲ್ಲ. ಇವತ್ತಿನ ಆಯೋಗಗಳು ಅವಧಿಯ ಮೇಲೆ ಅವಧಿ ಪಡೆಯುವುದನ್ನು ಕಂಡ ನಮಗೆ ಇದು ನಂಬಲಾಗದ ವೇಗ. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ, ನನಗೆ ಗೊತ್ತಿರಲಿಲ್ಲ ಎಂದು ನುಣುಚಿಕೊಳ್ಳಲು ಬರುವುದಿಲ್ಲ ಎಂದು ಛಾಗ್ಲಾ ಬರೆದರು. ಇಂಥ ವಿಷಯ ಸದನದಲ್ಲಿ ಎದ್ದಾಗ ಮೊದಲ ಹಂತದಲ್ಲೇ ಎಲ್ಲ ಸಂಗತಿಯನ್ನೂ ಸದನದ ಮುಂದಿಡಬೇಕು ಎಂಬುದು ಅವರ ಸಲಹೆಗಳಲ್ಲಿ ಒಂದು. ಸೆಪ್ಟೆಂಬರ್ 4ರ ಆ ಅರೆಬರೆ ಉತ್ತರವನ್ನು ನೆನೆದೇ ಇದನ್ನು ಓದಬೇಕು. ಅದೇ ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಇದರಲ್ಲಿ ಇನ್ನೊಂದು ಸಂಗತಿ ಇದೆ. 1951ರಲ್ಲಿ ಎಚ್.ಜಿ. ಮುದ್ಗಲ್ ಎಂಬ ಸದಸ್ಯರು ಬೊಂಬಾಯಿಯ ಚಿನಿವಾರ ಪೇಟೆಯವರ ಸಂಘದಿಂದ ಹಣ ಪಡೆದು ಸದನದಲ್ಲಿ ಪ್ರಶ್ನೆ ಕೇಳಿದರೆಂಬ ಆರೋಪ ಬಂದಿತ್ತು. ನೆಹರೂ ತಾವೇ ಸೂಚನೆ ಮಂಡಿಸಿ ತನಿಖೆಗೆ ಸಮಿತಿ ಮಾಡಿಸಿದರು. ಪ್ರಶ್ನೆಯನ್ನು ಮಾರುವುದು ಸದನದ ಮರ್ಯಾದೆಗೆ ಕುಂದು ಎಂದು ಆ ಸಮಿತಿ ತೀರ್ಮಾನ ಕೊಟ್ಟಿತು, ಮುದ್ಗಲ್ ಸದಸ್ಯತ್ವ ಬಿಟ್ಟು ಹೋದರು. ಸಮಿತಿಯ ಅಧ್ಯಕ್ಷರಾಗಿದ್ದವರು ಇದೇ ಟಿ.ಟಿ. ಕೃಷ್ಣಮಾಚಾರಿ. ಪ್ರಶ್ನೆಯ ಪಾವಿತ್ರ್ಯ ಕಾದವರೇ ಆರು ವರ್ಷದ ಮೇಲೆ ಪ್ರಶ್ನೆಯ ಎದುರು ನಿಲ್ಲಬೇಕಾಯಿತು. ಸಮರ್ಥ ಆಡಳಿತಗಾರರು, 1962ರಲ್ಲಿ ಸಂಪುಟಕ್ಕೆ ಮರಳಿದರು ಕೂಡ. ಅವರನ್ನು ಸಣ್ಣವರನ್ನಾಗಿ ತೋರಿಸುವುದು ನನ್ನ ಉದ್ದೇಶವಲ್ಲ. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ ಹನ್ನೊಂದು ಸಂಸದರನ್ನು ಹೊರಹಾಕಿದಾಗ ಸದನದವರು ತಿರುವಿ ನೋಡಿದ್ದು ಆ 1951ರ ಮಾದರಿಯನ್ನೇ.

ಉತ್ತರ ಕೊಟ್ಟದ್ದೇನೋ ಆಯಿತು, ಕೊಟ್ಟ ಮಾತು ನಡೆಯಿತೇ ಎಂದು ನೋಡುವವರು ಯಾರು? ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ 1953ರ ಡಿಸೆಂಬರ್ 1ರಂದು ಸರ್ಕಾರಿ ಭರವಸೆಗಳ ಸಮಿತಿಯನ್ನು ಮಾಡಿದರು. ಮಾಹಿತಿ ಸಂಗ್ರಹಿಸಲಾಗುತ್ತಿದೆ, ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು ಎಂದು ಮಂತ್ರಿ ಬಾಯಿಂದ ಬಂದರೆ ಅದು ಭರವಸೆ. ಮೂರು ತಿಂಗಳಲ್ಲಿ ತೀರಿಸಬೇಕು, ಆಗದಿದ್ದರೆ ಕಾರಣ ಹೇಳಿ ಗಡುವು ಪಡೆಯಬೇಕು. ನಮ್ಮ ವಿಧಾನಸೌಧದ ಉತ್ತರಗಳನ್ನು ಓದಿದವರಿಗೆ ಈ ಮಾತುಗಳು ಚಿರಪರಿಚಿತ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ‘ಬಂದಿದೆ.’ ‘ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?’ ‘ಪರಿಶೀಲನೆಯಲ್ಲಿದೆ.’ ಈ ‘ಪರಿಶೀಲನೆಯಲ್ಲಿದೆ’ ಎಂಬುದರ ಕೆಳಗೆ ಗೆರೆ ಎಳೆದು ಮೂರು ತಿಂಗಳು ಬಿಟ್ಟು ಮತ್ತೆ ಕೇಳುವ ಗುಮಾಸ್ತರ ಕೆಲಸವನ್ನು ಪತ್ರಿಕೆಗಳು ಬರೆಯುವುದಿಲ್ಲ. ಬರೆಯಬೇಕು.

ಕರ್ನಾಟಕದವರು ಈ ಗಂಟೆಯಲ್ಲಿ ಎರಡೂ ಕಡೆ ಕೂತಿದ್ದಾರೆ. ಶಿವಮೊಗ್ಗದಿಂದ ಗೆದ್ದುಬಂದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಆ ಸದನದಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ತನ್ನ ಸರ್ಕಾರವನ್ನು ತನ್ನ ಮಾತಿನಲ್ಲಿ ಕೇಳುವ ಹಕ್ಕು ಪ್ರಶ್ನೆಯ ಹಕ್ಕಿನ ಅರ್ಧ ಎಂದೇ ನನ್ನ ಭಾವನೆ. ಬೊಫೋರ್ಸ್ ಫಿರಂಗಿಗಳ ಗದ್ದಲದಲ್ಲಿ ಹಣ ಮತ್ತು ಹೊರದೇಶ ಎರಡೂ ಒಂದೇ ಪ್ರಶ್ನೆಯಾಗಿ ಬಂದವು. 1986ರ ಮಾರ್ಚ್‌ನಲ್ಲಿ 410 ಫಿರಂಗಿಗಳ ಕರಾರು, 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋ ಹೊರಗೆಡಹಿದ ಲಂಚದ ಸುದ್ದಿ. ತನಿಖೆಯ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾದವರು ಚಿಕ್ಕೋಡಿಯ ಬಿ. ಶಂಕರಾನಂದ. 1988ರಲ್ಲಿ ಬಂದ ಆ ಸಮಿತಿಯ ವರದಿಯನ್ನು ವಿರೋಧ ಪಕ್ಷಗಳು ಒಪ್ಪಲಿಲ್ಲ. ಮರುವರ್ಷ ಮಹಾಲೇಖಪಾಲ ಟಿ.ಎನ್. ಚತುರ್ವೇದಿ ಅವರ ವರದಿ ಖರೀದಿಯ ಲೋಪಗಳನ್ನು ಎತ್ತಿ ತೋರಿದಾಗ ವಿರೋಧ ಪಕ್ಷದ ಸದಸ್ಯರು ಸಾಲಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಅದೇ ಚತುರ್ವೇದಿ ಮುಂದೆ ನಮ್ಮ ರಾಜ್ಯಪಾಲರಾಗಿ ಬೆಂಗಳೂರಿನ ರಾಜಭವನದಲ್ಲಿದ್ದರು.

ಎಸ್.ಎಂ. ಕೃಷ್ಣ 1989ರಿಂದ ಕೆಲವು ವರ್ಷ ವಿಧಾನಸಭೆಯ ಸಭಾಧ್ಯಕ್ಷರಾಗಿ ಬೇರೆಯವರ ಪ್ರಶ್ನೋತ್ತರಕ್ಕೆ ತೀರ್ಪು ಕೊಟ್ಟವರು. 2009ರಲ್ಲಿ ವಿದೇಶಾಂಗ ಮಂತ್ರಿಯಾದ ಹೊಸದರಲ್ಲೇ ಆಸ್ಟ್ರೇಲಿಯಾದಲ್ಲಿ ಭಾರತದ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಉತ್ತರ ಕೊಡುವ ಸರದಿ ಅವರದಾಯಿತು. ವಿದೇಶಾಂಗದ ಪ್ರಶ್ನೆ ಎಂದರೆ ನಕ್ಷೆ, ಒಪ್ಪಂದ, ರಾಯಭಾರಿಗಳು ಮಾತ್ರ ಅಲ್ಲ; ಹೊರದೇಶದಲ್ಲಿ ಓದುವ, ದುಡಿಯುವ ಮನೆಮಗನ ವಿಷಯವೂ ಹೌದು. 2014ರ ಜೂನ್‌ನಲ್ಲಿ ಇರಾಕಿನ ಮೋಸುಲ್‌ನಲ್ಲಿ ನಲವತ್ತು ಮಂದಿ ಭಾರತೀಯ ಕಾರ್ಮಿಕರು ಒತ್ತೆ ಸಿಕ್ಕರು. ಒಬ್ಬರು ತಪ್ಪಿಸಿಕೊಂಡು ಬಂದು, ಉಳಿದವರನ್ನು ಕೊಂದರು ಎಂದರು. ಸಾಕ್ಷ್ಯವಿಲ್ಲದೆ ಸತ್ತರೆಂದು ಹೇಳಲಾರೆ ಎಂಬ ನಿಲುವಿಗೆ ವಿದೇಶಾಂಗ ಮಂತ್ರಿ ಸುಷ್ಮಾ ಸ್ವರಾಜ್ ಸದನದಲ್ಲಿ ಅಂಟಿಕೊಂಡರು. 1999ರಲ್ಲಿ ಬಳ್ಳಾರಿಯಲ್ಲಿ ಕನ್ನಡ ಕಲಿತು ಮತ ಕೇಳಿದ ಸುಷ್ಮಾ ಅವರೇ. ಪ್ರಶ್ನೆಗಳು ಅಧಿವೇಶನದಿಂದ ಅಧಿವೇಶನಕ್ಕೆ ಬರುತ್ತಲೇ ಇದ್ದವು. ಡಿಎನ್‌ಎ ಹೊಂದಿಕೆಯಾದ ಮೇಲೆ, 2018ರ ಮಾರ್ಚ್ 20ರಂದು, 39 ಮಂದಿಯೂ ಬದುಕಿಲ್ಲವೆಂದು ಅವರು ರಾಜ್ಯಸಭೆಯಲ್ಲಿ ತಿಳಿಸಿದರು. ನಾಲ್ಕು ವರ್ಷ ಆ ಮನೆಗಳವರು ಕಾದಿದ್ದರು. ಮೊದಲೇ ಹೇಳಬೇಕಿತ್ತು ಎಂದವರಿದ್ದಾರೆ, ಹೆಣ ಸಿಗದೆ ಹೇಗೆ ಹೇಳುತ್ತೀರಿ ಎಂದವರೂ ಇದ್ದಾರೆ. ಅಂಥ ಉತ್ತರವನ್ನು ಮಂತ್ರಿ ಎದ್ದು ನಿಂತು, ತಮ್ಮ ದನಿಯಲ್ಲಿ, ಸದನದ ಕಣ್ಣೆದುರು ಕೊಡಬೇಕು ಎಂಬುದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಆ ಗಂಟೆ ನಿಂತುಹೋದ ದಿನಗಳೂ ಇವೆ. 1962ರ ಯುದ್ಧದ ಸಮಯದಲ್ಲಿ ಸದನ ಹನ್ನೆರಡಕ್ಕೆ ಸೇರುತ್ತಿತ್ತು, ಪ್ರಶ್ನೋತ್ತರ ಇರಲಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ಅದನ್ನು ಬದಿಗಿಟ್ಟರು. ಗದ್ದಲದಲ್ಲಿ ಕೊಚ್ಚಿಹೋದ ದಿನಗಳ ಲೆಕ್ಕ ಬೇರೆ. ರಾಜ್ಯಸಭೆ 2014ರ ನವೆಂಬರ್‌ನಲ್ಲಿ ತನ್ನ ಪ್ರಶ್ನೋತ್ತರವನ್ನು ಮಧ್ಯಾಹ್ನ ಹನ್ನೆರಡಕ್ಕೆ ಸರಿಸಿದ್ದು ಬೆಳಗಿನ ಗಲಾಟೆಯಿಂದ ಅದನ್ನು ಉಳಿಸಿಕೊಳ್ಳಲೆಂದೇ. ಲೋಕಸಭೆಯಲ್ಲಿ ಶಾಂತವಾಗಿ ನಡೆದ ದಿನವೂ ಇಪ್ಪತ್ತರಲ್ಲಿ ಐದಾರು ಪ್ರಶ್ನೆ ಮುಗಿಯುವಷ್ಟರಲ್ಲಿ ಹನ್ನೆರಡಾಗುತ್ತದೆ. ಉಳಿದವು ಬರಹದ ಉತ್ತರಗಳಾಗಿ ನಡಾವಳಿಗೆ ಸೇರುತ್ತವೆ, ಉಪಪ್ರಶ್ನೆ ಇಲ್ಲದೆ.

ಉಪಪ್ರಶ್ನೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು 2020ರ ಸೆಪ್ಟೆಂಬರ್‌ನಲ್ಲಿ ಕಂಡೆವು. ಕೋವಿಡ್ ಕಾರಣಕ್ಕೆ ಮಳೆಗಾಲದ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆ ಕೈಬಿಟ್ಟು, ಬಿಳಿ ಕಾಗದದ ಪ್ರಶ್ನೆಗಳನ್ನಷ್ಟೇ ಉಳಿಸಿದರು. ಆ ಬೇಸಿಗೆಯಲ್ಲಿ ಬೆಂಗಳೂರಿನಿಂದ, ಬೊಂಬಾಯಿಯಿಂದ, ದೆಹಲಿಯಿಂದ ಕೂಲಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದದ್ದನ್ನು ಇಡೀ ದೇಶ ನೋಡಿತ್ತು. ಹೀಗೆ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಪ್ರಾಣ ಕಳೆದುಕೊಂಡರು, ಅವರ ಮನೆಯವರಿಗೆ ಪರಿಹಾರ ಕೊಟ್ಟಿರಾ ಎಂದು ಲೋಕಸಭೆಯಲ್ಲಿ ಬರಹದ ಪ್ರಶ್ನೆ ಬಂತು. ಸೆಪ್ಟೆಂಬರ್ 14ರಂದು ಕಾರ್ಮಿಕ ಸಚಿವಾಲಯದ ಉತ್ತರ ಬಂತು: ಅಂಥ ಅಂಕಿಅಂಶ ಇಟ್ಟಿಲ್ಲ. ಪರಿಹಾರದ ಭಾಗಕ್ಕೆ, ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಪ್ರಶ್ನೆ ಉದ್ಭವಿಸುವುದಿಲ್ಲ. ಲೆಕ್ಕ ಯಾಕೆ ಇಡಲಿಲ್ಲ, ಇಡಬೇಕಾದವರು ಯಾರು, ಇನ್ನು ಮೇಲಾದರೂ ಇಡುತ್ತೀರಾ ಎಂದು ಎದ್ದು ನಿಂತು ಕೇಳಲು ಯಾರಿಗೂ ಅವಕಾಶವಿರಲಿಲ್ಲ. ಮಂತ್ರಿಯ ಮುಖ ಯಾರಿಗೂ ಕಾಣಲಿಲ್ಲ, ಗ್ಯಾಲರಿಯಿಂದ ಚೀಟಿಯೂ ಬರಲಿಲ್ಲ.

ಆ ವರ್ಷ ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ. 2021ರ ಬಜೆಟ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆ ಮರಳಿ ಬಂತು. ಅಂತರ ಕಾಯಲೆಂದು ಬೆಳಿಗ್ಗೆ ರಾಜ್ಯಸಭೆ, ಸಂಜೆ ಲೋಕಸಭೆ ಎಂದು ಪಾಳಿ ಮಾಡಿದ್ದರಿಂದ ಹನ್ನೊಂದರ ಗಂಟೆ ಆ ಸಲ ಸಂಜೆ ನಾಲ್ಕಕ್ಕೆ ಹೊಡೆಯಿತು.